ಇರುವೆ ಬಾರದ ಹುಲ್ಲು

ನನ್ನ ಮೊಮ್ಮಗಳು ಹೊಸ್ತಿಲು ದಾಟಿದ್ದು ಒಂದು ಸೋಮವಾರ ಬೆಳಿಗ್ಗೆ. ಹೊಸ್ತಿಲ ಮೇಲೆ ಹೊಟ್ಟೆ ಇಟ್ಟು ಸ್ವಲ್ಪ ಹೊತ್ತು ಮೀನಿನ ಹಾಗೆ ಕೈಕಾಲು ಬಡಿದಳು, ಆಮೇಲೆ ದೊಪ್ಪನೆ ಆಚೆ ಬಿದ್ದು ನಕ್ಕಳು. ಬಾಯಲ್ಲಿ ಎರಡೇ ಹಲ್ಲು. ಮಗನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಸೊಸೆಗೆ ಹೇಳಿದೆ: “ಸಂಜಿಕ ಹುಲ್ಲಿನ ಮ್ಯಾಗ ಕೂಡ್ಸಿ ಫೋಟೋ ತಗಿ. ನಿನ್ನ ಗಂಡಗ ಕಳಸು.”

ಮಗ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಮನೆಯ ಮುಂದೆ ನಾಲ್ಕು ಮಂಚ ಹಿಡಿಸುವಷ್ಟು ಜಾಗ. ಕೂಸು ಅಂಬೆಗಾಲಿಡುವ ಹೊತ್ತಿಗೆ ಅಲ್ಲಿ ಹುಲ್ಲುಹಾಸು ಇರಬೇಕು ಅಂತ ಹಠ ಹಿಡಿದವಳು ನಾನೇ. ನಾನೂ ನಮ್ಮ ಮನೆಯವರೂ ಇಪ್ಪತ್ತು ವರ್ಷ ಕಂಡವರ ಕಾಂಪೌಂಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಹಚ್ಚಿದವರು, ಕೊಯ್ದವರು. ಕೆಲಸ ಮುಗಿದ ಮೇಲೆ ಅದರ ಮೇಲೆ ಕೂರಲು ನಮಗೆ ಅಪ್ಪಣೆ ಇರಲಿಲ್ಲ. ನನ್ನ ಮೊಮ್ಮಗಳು ಅದರ ಮೇಲೆ ಉರುಳಾಡುವುದನ್ನು ಕಣ್ಣಾರೆ ನೋಡಬೇಕಿತ್ತು.

ಆದರೆ ಈಗ ನನ್ನ ಗಂಡನ ಮಂಡಿ ಹೋಗಿದೆ, ನನ್ನ ಸೊಂಟ ಹೋಗಿದೆ. ನರ್ಸರಿಯವನನ್ನು ಕರೆಸಿದೆವು. ಜಹೀರಾಬಾದ್ ಕಡೆಯವನು, ಈ ತೆಲುಗು ಊರಿನಲ್ಲೂ ಅವನಿಗೆ ಕನ್ನಡ ಬರುತ್ತಿತ್ತು. ಹುಲ್ಲಿನ ಚಾಪೆಗಳನ್ನು ಸುರುಳಿ ಸುತ್ತಿ ಆಟೋದಲ್ಲಿ ತಂದ. ನೆಲ ಕೆದರಿ ನೋಡಿ, “ಕೆಂಪಿರವಿ ಭಾಳ ಅದಾವ್ರೀ ಯವ್ವಾ ಈ ಮಣ್ಣಾಗ,” ಅಂದ.

“ಒಂದೂ ಇರಬಾರದಪಾ. ನನ್ನ ಕೂಸಿಗಿ ಇರವಿ ಕಡದರ ನಿನ್ನ ಬಿಡಂಗಿಲ್ಲ ನೋಡು.”

“ಒಂದೂ ಉಳಿಯಂಗಿಲ್ಲ, ಬೇಫಿಕರ್ ಇರ್ರಿ. ಆದ್ರ ಹದಿನೈದು ದಿನ ಯಾರೂ ಕಾಲಿಡಬಾರದು. ಯಾಕಂದ್ರ—”

“ಏ, ನನಗ ಹೇಳ್ತಿ? ನಾ ಹುಲ್ಲು ಹಚ್ಚುವಾಗ ನೀ ಹುಟ್ಟಿದ್ದಿಲ್ಲ!”

ಅವನು ನಕ್ಕು ಮಣ್ಣು ಕೆದರತೊಡಗಿದ. ಹೊಸ ಹುಲ್ಲು ತುಳಿದರೆ ಚಾಪೆ ಸರಿಯುತ್ತದೆ, ಬೇರು ಹಿಡಿಯುವುದಿಲ್ಲ. ಅದು ನನಗೆ ಗೊತ್ತಿಲ್ಲವೇ? ನನ್ನ ಕೂಸಿನ ಭಾರ ಎಷ್ಟು, ಒಂದು ಕುಂಬಳಕಾಯಿಯಷ್ಟು. ಅದಕ್ಕೆ ಯಾವ ಬೇರು ಅಲುಗುತ್ತದೆ?

ಚಾಪೆ ಹಾಸುವ ಮೊದಲು ಅವನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನೀಲಿ ಕಾಳಿನಂಥದ್ದೇನೋ ಉದುರಿಸಿದ್ದನ್ನು ಕಿಟಕಿಯಿಂದ ನೋಡಿದ್ದೆ. ಗೊಬ್ಬರ ಅಂದುಕೊಂಡೆ. ಗೊಬ್ಬರ ಹಾಕುವವರು ಕೈಗೆ ಚೀಲ ಸುತ್ತಿಕೊಳ್ಳುವುದಿಲ್ಲ ಅನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ.

ಹೊಸ್ತಿಲು ದಾಟಿದ ಆ ಸೋಮವಾರ, ಹುಲ್ಲು ಹಾಸಿ ಎಂಟನೆಯ ದಿನ. ನಮ್ಮ ತವರಿನಲ್ಲಿ ಮನೆಗೆ ಸಂತೋಷ ಬಂದರೆ ಮೊದಲ ಪಾಲು ಇರುವೆಗೆ. ಒಂದು ಹಿಡಿ ರವೆ ಹುರಿದು ಸಕ್ಕರೆ ಬೆರೆಸಿ ಹುಲ್ಲಿನ ಅಂಚಿನಲ್ಲಿ ಹಾಕಿದೆ. ನಮ್ಮ ಮನೆಯವರು ಕಟ್ಟೆಯ ಮೇಲಿಂದ ನಕ್ಕರು. “ಮೊನ್ನಿ ಒಂದೂ ಇರಬಾರದು ಅಂದಿ, ಇವತ್ತ ಊಟಕ್ಕ ಕರ್ಯಾಕತ್ತಿ!”

ಮಧ್ಯಾಹ್ನ ಬಂದು ನೋಡಿದೆ. ರವೆ ಹಾಕಿದ ಹಾಗೇ ಇತ್ತು. ಬಿಸಿಲಿಗೆ ಇರುವೆ ಬಂದಿರಲಿಕ್ಕಿಲ್ಲ ಅಂದುಕೊಂಡು ಪಕ್ಕದ ಮನೆಯ ಗೋಡೆಯಾಚೆ ಒಂದು ಚಿಟಿಕೆ ಉದುರಿಸಿದೆ. ಕೈ ಒರೆಸಿಕೊಳ್ಳುವುದರೊಳಗೆ ಅಲ್ಲಿ ಸಾಲು ಹಿಡಿದು ಬಂದವು. ಅದೇ ಬಿಸಿಲು, ಅದೇ ಸಕ್ಕರೆ. ನಮ್ಮ ಕಡೆ ಹುಲ್ಲಿನ ಮೇಲೆ ಎರಡು ಎರೆಹುಳು ಒಣಗಿ ದಾರದಂತೆ ಬಿದ್ದಿದ್ದವು. ಹುಲ್ಲು ಮಾತ್ರ ಹಸಿರೋ ಹಸಿರು. ಒಳಗೆ ಕೂಸು ಕೇಕೆ ಹಾಕಿತು. ನಾನು ಒಳಗೆ ಓಡಿದೆ. ಆ ಸಂತೋಷದಲ್ಲಿ ಎಲ್ಲ ಮರೆತೆ.

ಸಂಜೆ ರವೆಯ ಸಿಹಿ ಸಜ್ಜಕದ ತಟ್ಟೆ ಹಿಡಿದು ಹೊರಗೆ ಬಂದಾಗ ಸೊಸೆ ಫೋನು ಎತ್ತಿ ಹಿಡಿದು ನಿಂತಿದ್ದಳು. ಮೊಮ್ಮಗಳು ಹುಲ್ಲಿನ ನಡುವೆ ಮಂಡಿಯೂರಿದ್ದಳು. ಒಂದು ಮುಷ್ಟಿ ಮುಚ್ಚಿತ್ತು, ಬಾಯಿಯ ಕಡೆ ಹೋಗುತ್ತಿತ್ತು. ಅಂಚಿನಲ್ಲಿ ನನ್ನ ರವೆ ಬೆಳ್ಳಗೆ ಹಾಗೇ ಬಿದ್ದಿತ್ತು.

ತಟ್ಟೆ ಎಲ್ಲಿ ಬಿತ್ತೋ. “ಎತ್ತು ಆಕಿನ್ನ! ಎತ್ತು!”

“ನೀವೇ ಅಂದ್ರಲ್ಲಾ ಅತ್ತೀ, ಕೂಡ್ಸು ಅಂತ…”

ಮುಷ್ಟಿ ಬಿಡಿಸಿದೆ. ಮೂರು ಎಳೆ ಹುಲ್ಲು, ಸ್ವಲ್ಪ ಮಣ್ಣು, ಒಂದು ನೀಲಿ ಕಾಳು. ತುಟಿ ಒದ್ದೆಯಾಗಿತ್ತು. ಅದು ಮೊದಲ ಮುಷ್ಟಿಯೋ ಎರಡನೆಯದೋ ಸೊಸೆಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರು ನರ್ಸರಿಯವನಿಗೆ ಫೋನು ಹಚ್ಚಿ ನನ್ನ ಕಿವಿಗಿಟ್ಟರು. ಆ ನೀಲಿ ಕಾಳು ಏನು ಅಂತ ಕೇಳಿದೆ. ಅವನ ದನಿ ಕುಗ್ಗಿತು. “ಕೂಸಿನ್ನ ಇಳಿಸೀರೇನ್ರಿ? ಕೈ ಬಾಯಿ ತೊಳದು ಈಗಿಂದೀಗ ದವಾಖಾನಿಗಿ ಹೋಗ್ರಿ. ಇರವಿ ಔಷಧದ ಚೀಲದ ಫೋಟೋ ಕಳಸ್ತೀನಿ, ಡಾಕ್ಟರಿಗಿ ತೋರಸ್ರಿ.” ಆಮೇಲೆ ಅಂದ, “ನಾ ಹೇಳಾಕ ಬಂದಿದ್ದೆ ಯವ್ವಾ. ನೀವು ಹೇಳಗೊಡಲಿಲ್ಲ.”

ದವಾಖಾನೆಯಲ್ಲಿ ಮರುದಿನ ಮಧ್ಯಾಹ್ನದವರೆಗೆ ಇಟ್ಟುಕೊಂಡರು. ಮತ್ತೆ ಮತ್ತೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಜೊಲ್ಲು ಹೆಚ್ಚಾದರೆ ಕೂಡಲೇ ಕರೆಯಿರಿ ಅಂದರು. ಹಲ್ಲು ಬರುವ ಕೂಸಿಗೆ ಜೊಲ್ಲು ಸುರಿಯದೆ ಇರುತ್ತದೆಯೇ? ಒಂದೊಂದು ಹನಿಯನ್ನೂ ಸೆರಗಿನಿಂದ ಒರೆಸುತ್ತ, ಇದು ಹಲ್ಲಿನದೋ ವಿಷದ್ದೋ ಅಂತ ನೋಡುತ್ತ ಕೂತೆ. ಅವಳು ನನ್ನ ಮೂಗು ಹಿಡಿದು ನಗುತ್ತಿದ್ದಳು.

ಏನೂ ಆಗಲಿಲ್ಲ. ಮನೆಗೆ ಬಂದಳು, ಬಂದವಳೇ ಹೊಸ್ತಿಲು ದಾಟಿದಳು.

ನರ್ಸರಿಯವನು ಬಂದು ಚಾಪೆಗಳನ್ನೂ ಒಂದು ಮೊಳ ಆಳದ ಮಣ್ಣನ್ನೂ ಚೀಲಕ್ಕೆ ತುಂಬಿ ಒಯ್ದ. “ಬೈದು ಬಿಡ್ರಿ ಯವ್ವಾ,” ಅಂದ. ನಾನು ಚಹ ಕೊಟ್ಟೆ. ಬೈಯಲು ನನ್ನ ಹತ್ತಿರ ಬಾಯಿ ಎಲ್ಲಿತ್ತು?

ಬೇರೆ ಮಣ್ಣು ಹಾಕಿ ತಿಂಗಳಾಯಿತು. ಅದರ ಮೇಲೆ ಗರಿಕೆ ತಾನಾಗಿಯೇ ಚಿಗುರಿದೆ. ದಿನಾ ಬೆಳಿಗ್ಗೆ ಅಂಚಿನಲ್ಲೊಂದು, ನಡುವೆ ಒಂದು ಚಿಟಿಕೆ ಸಕ್ಕರೆ ಇಡುತ್ತೇನೆ. ಮೊನ್ನೆ ಎರಡು ಇರುವೆ ಬಂದವು. ಅಂಚಿನದನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಮರಳಿದವು. ನಡುವಿನ ಸಕ್ಕರೆ ಹಾಗೇ ಇದೆ. ಮೊಮ್ಮಗಳು ಕಂಕುಳಲ್ಲಿ ನಿಲ್ಲುವುದಿಲ್ಲ, ಆ ಹಸಿರಿಗೆ ಎರಡೂ ಕೈ ಚಾಚಿ ಜಗ್ಗುತ್ತಾಳೆ. ನಾನು ಬಿಗಿಯಾಗಿ ಹಿಡಿದುಕೊಂಡು, ಬರಿಗಾಲಲ್ಲಿ ನಡುವೆ ನಿಲ್ಲುತ್ತೇನೆ. ಮೊದಲು ನನ್ನ ಕಾಲಿಗೆ ಒಂದು ಕೆಂಪಿರುವೆ ಕಚ್ಚಲಿ.