ಶುಂಠಿ, ಸೂಂಠ್ ಮತ್ತು ಅಜ್ಜಿಯ ನಾಲ್ಕನೆಯ ತಿಂಗಳು

ಆಗ ನಮ್ಮ ಸಯನ್ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಲಿಫ್ಟಿನ ಬಾಗಿಲು ಸರಿಸುವಷ್ಟರಲ್ಲಿ ಗೊತ್ತಾಗುತ್ತಿತ್ತು. ಹಗಲಲ್ಲಿ ಯಾರೂ ಬಾಗಿಲು ಮುಚ್ಚುತ್ತಿರಲಿಲ್ಲ. ನನಗೆ ಹನ್ನೊಂದು ವರ್ಷ. ಎಣಿಸಲು ಬರುವುದನ್ನೆಲ್ಲ ಎಣಿಸಿ ಡೈರಿಯಲ್ಲಿ ಬರೆಯುವ ಹುಚ್ಚು ಆಗಲೇ ಹತ್ತಿತ್ತು. ಶಾಲೆಗೆ ಹೋಗುವಾಗ ಕಂಡ ಡಬಲ್ ಡೆಕರ್ ಬಸ್ಸುಗಳು, ಅಮ್ಮ ನನಗೆ ಬೈದ ಸಲ, ಕುಕ್ಕರಿನ ಸೀಟಿ. ಆ ಡೈರಿ ಈಗ ನನ್ನ ಮುಂದಿದೆ. ದೀಪಾವಳಿ ರಜೆಯ ಪುಟಗಳಲ್ಲಿ ಚಕ್ಕುಲಿಯ ಎಣ್ಣೆ ಇನ್ನೂ ಹಾಗೇ ಕೂತಿದೆ.

ಅಜ್ಜಿ ವಿಜಯಪುರದವಳು. ಪ್ರತಿ ವರ್ಷ ಚಾತುರ್ಮಾಸ್ಯ ಹಿಡಿಯುತ್ತಿದ್ದಳು. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ. ನಾಲ್ಕನೆಯದು ದ್ವಿದಳ: ಎರಡು ಹೋಳಾಗುವ ಯಾವ ಬೇಳೆಯೂ ಇಲ್ಲ, ಬೀಜ ತುಂಬಿದ ಕಾಯಿಯೂ ಇಲ್ಲ. ದೀಪಾವಳಿ ಬರುವುದು ಸರಿಯಾಗಿ ಆ ತಿಂಗಳಲ್ಲೇ. ಮನೆ ತುಂಬ ಕಡಲೆಹಿಟ್ಟಿನ ಲಾಡು, ಶೇವು. ಅಜ್ಜಿಯ ತಟ್ಟೆಯಲ್ಲಿ ಬೇಯಿಸಿದ ಗೆಣಸು, ಸುವರ್ಣಗಡ್ಡೆ, ಅನ್ನ, ತುಪ್ಪ.

ಅಪ್ಪ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿದ್ದ. ಪ್ರತಿ ವರ್ಷ ಅವನದೂ ಒಂದೇ ಮಾತು.

“ಅವ್ವಾ, ಆಗ ಮಳಿಗಾಲದಾಗ ಕಾಯಿಪಲ್ಲೆದಾಗ ಹುಳಾ ಇರತಿದ್ವು, ಬಿಟ್ಟರು. ಈಗ ಫ್ರಿಜ್ ಅದ, ಫಿಲ್ಟರ್ ಅದ. ಇನ್ನೂ ಯಾತಕ್ಕ ಇದೆಲ್ಲಾ?”

“ಫ್ರಿಜ್ ಬಂದದ ಖರೆ. ಅದರಾಗ ನನ್ನ ನಾಲಿಗಿ ಇಟ್ಟು ಬಾಗಲಾ ಹಾಕಲಿಕ್ಕೆ ಬರತದೇನು?”

ಆ ವರ್ಷ ನರಕಚತುರ್ದಶಿಯ ಹಿಂದಿನ ದಿನ ಎದುರುಮನೆಯ ಹೇತಲ್ ಒಂದು ಬ್ಯಾಗು ಹಿಡಿದು ನಮ್ಮಲ್ಲಿಗೆ ಬಂದಳು. ಗುಜರಾತಿ ಜೈನರ ಹುಡುಗಿ, ನನ್ನದೇ ಕ್ಲಾಸು. ಅವಳ ತಾಯಿಗೆ ಹೆರಿಗೆಗೆ ಮೊದಲೇ ತೊಂದರೆಯಾಗಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ತಂದೆ ಅಲ್ಲೇ ಇರುತ್ತಿದ್ದರು. ಶಾಲೆಯ ಕ್ಯಾಂಟೀನಿನಲ್ಲಿ ನನ್ನ ಜೊತೆ ಕದ್ದು ಬಟಾಟಾ ವಡಾ ತಿಂದ ಹೇತಲ್, ಈಗ ಮಾತ್ರ ಗಟ್ಟಿ ನಿಯಮ ಹಿಡಿದಿದ್ದಳು. ಮಮ್ಮಿ ಮನೆಗೆ ಬರುವ ತನಕ ನೆಲದೊಳಗೆ ಬೆಳೆದದ್ದು ಯಾವುದೂ ಬೇಡ, ಸೂರ್ಯ ಮುಳುಗಿದ ಮೇಲೆ ನೀರೂ ಬೇಡ.

ಅಜ್ಜಿ ಕೇಳಿ ಬಾಯಿಯ ಮೇಲೆ ಕೈ ಇಟ್ಟಳು. “ನನ್ನ ಊಟ ಎಲ್ಲಾ ನೆಲದಾಗಿಂದು. ಈ ಹುಡುಗಿದು ಎಲ್ಲಾ ನೆಲದ ಮ್ಯಾಲಿಂದು. ಛಲೋ ಜೋಡಿ ಕೂಡಿತು! ವೈಶೂ, ಬರಕೊ. ಏನು ನಡೀತದ, ಏನು ಇಲ್ಲ, ಎಲ್ಲಾ ಕೇಳಿ ಬರಕೊ.”

ನನಗೆ ಬೇಕಾದದ್ದೂ ಅದೇ. ಡೈರಿಯಲ್ಲಿ ಗೆರೆ ಎಳೆದು ಎರಡು ಸಾಲು ಮಾಡಿದೆ. ಅಡುಗೆಮನೆಯ ಒಂದೊಂದೇ ಡಬ್ಬಿ ಹಿಡಿದು ಕೇಳುತ್ತ ಹೋದೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತ ಹೋದಳು. ಬೇಳೆ ಅವಳಿಗೆ ಸರಿ, ಅಜ್ಜಿಗೆ ಇಲ್ಲ. ಬಟಾಟೆ ಅಜ್ಜಿಗೆ ಸರಿ, ಅವಳಿಗೆ ಇಲ್ಲ. ಇಬ್ಬರಿಗೂ ಒಪ್ಪಿದ್ದು ಒಂಬತ್ತೇ ಪದಾರ್ಥ. ಕೊನೆಗೆ ಡಬ್ಬಿಯಲ್ಲಿಲ್ಲದ್ದೂ ಒಂದು ನೆನಪಾಗಿ, ಮನೆಯ ಮಾತಿನಲ್ಲೇ ಕೇಳಿದೆ: “ಔರ್ ಶುಂಠಿ?”

“ಸೂಂಠ್? ಹಾಂ, ಚಲೇಗಾ.”

ಹತ್ತನೆಯದಾಗಿ ಬರೆದೆ: ಶುಂಠಿ.

ಅಂದಿನಿಂದ ಸಂಜೆ ಐದೂವರೆಗೆ ಅಜ್ಜಿ ಗ್ಯಾಲರಿಯಲ್ಲಿ ನಿಂತು ಕೂಗುವಳು, “ಹೇತಲ್, ಬೈಠ ಬೇಟಾ, ಸೂರ್ಯ ಜಾತಾ ಹೈ!” ಚಪಾತಿ, ಹೀರೇಕಾಯಿ ಪಲ್ಯ, ಮೇಲೊಂದು ಲೋಟ ಮಜ್ಜಿಗೆ. ಆ ಮಜ್ಜಿಗೆಗೆ ಅಜ್ಜಿ ಹಸಿಶುಂಠಿ ಜಜ್ಜಿ, ಸೋಸಿ, ಜೀರಿಗೆ ಹಾಕುತ್ತಿದ್ದಳು. ಹೇತಲ್‌ಗೆ ಅದು ಬಹಳ ಸೇರಿತು. ಐದು ದಿನಕ್ಕೆ ಏಳು ಲೋಟ ಎಂದು ಡೈರಿ ಹೇಳುತ್ತದೆ.

ಆರನೆಯ ದಿನ ಅವಳು ನೀರಿಗೆಂದು ಅಡುಗೆಮನೆಗೆ ಬಂದಾಗ ಅಜ್ಜಿ ಖಲಬತ್ತದಲ್ಲಿ ಹಸಿಶುಂಠಿ ಕುಟ್ಟುತ್ತಿದ್ದಳು.

“ಯೇ ಕ್ಯಾ ಹೈ? ಅದರಕ್?”

“ತೂನೇ ಹೀ ತೋ ಬೋಲಾ ಥಾ ಚಲೇಗಾ!” ಎಂದೆ.

“ಮೈನೇ ಸೂಂಠ್ ಬೋಲಾ ಥಾ! ಸೂಖಾವಾಲಾ!”

ಅವರ ಸೂಂಠ್ ಎಂದರೆ ಒಣಗಿಸಿದ್ದು. ನಮಗೆ ಹಸಿಯದೂ ಶುಂಠಿಯೇ, ಒಣಗಿದ್ದೂ ಶುಂಠಿಯೇ. ಹಸಿಯದು ಅವರಿಗೆ ಜೀವವಿರುವ ಬೇರು. ಹೇತಲ್ ಬಾಗಿಲ ತನಕ ಓಡಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಳು. “ಮಮ್ಮೀ ಕೋ ಕುಛ್ ಹೋ ಗಯಾ ತೋ?” ತಾಯಿಗೆ ಏನಾದರೂ ಆಗಿಬಿಟ್ಟರೆ ಎಂದು ಅಳತೊಡಗಿದಳು.

ರಜೆಯಲ್ಲಿದ್ದ ಅಪ್ಪ ಎದ್ದು ಬಂದ. “ಬೇಟಾ, ಅದರಕ್ ಸೇ ಕಿಸೀ ಕೋ ಕುಛ್ ನಹೀ ಹೋತಾ. ಉಲಟಾ ಅಚ್ಛಾ ಹೋತಾ ಹೈ.” ಶುಂಠಿಯಿಂದ ಒಳ್ಳೆಯದೇ ಆಗುತ್ತದೆ ಎಂಬ ಮಾತಿಗೆ ಅವಳ ಅಳು ಜಾಸ್ತಿಯಾಯಿತು. ನಾನು ಡೈರಿ ತಂದು ತೋರಿಸಿದೆ, ಅವಳೇ ಸರಿಯಾಗಿ ಹೇಳಲಿಲ್ಲ ಎಂದೆ.

“ತಪ್ಪು ಯಾರದು ಅಂತ ಆಮ್ಯಾಲ ಬರಕೊ. ಮದಲ ಆ ಹುಡುಗಿ ಮಾರಿ ನೋಡು,” ಎಂದಳು ಅಜ್ಜಿ. “ಅವರ ಮನ್ಯಾಗ ಇಂಥಾದ್ದು ಆದ್ರ ಏನಂತಾರ, ಕೇಳು.”

ಕೇಳಿದೆ. ‘ಮಿಚ್ಛಾಮಿ ದುಕ್ಕಡಂ’ ಅನ್ನುತ್ತಾರಂತೆ. ನಾನು ಮಾಡಿದ ತಪ್ಪು ಇಲ್ಲದಂತಾಗಲಿ, ಕ್ಷಮಿಸು ಎಂದು.

ಮೊಣಕಾಲು ನೋವಿನ ಅಜ್ಜಿ ಗೋಡೆ ಹಿಡಿದು ಅವಳೆದುರು ನೆಲಕ್ಕೆ ಕೂತಳು. ದಿನಾ ದೇವರ ಮುಂದೆ ಜೋಡಿಸುವ ಹಾಗೆಯೇ ಕೈ ಜೋಡಿಸಿದಳು. “ಮಿಚ್ಛಾಮಿ ದುಃಖಡಂ.”

ಹೇತಲ್ ಅಳುತ್ತಲೇ ತಿದ್ದಿದಳು, “ದುಃಖಡಂ ನಹೀ, ದಾದೀ. ದುಕ್ಕಡಂ.”

ಅಜ್ಜಿ ಮತ್ತೊಮ್ಮೆ ಸರಿಯಾಗಿ ಹೇಳಿದಳು. ಆಮೇಲೆ ನಾನೂ ಹೇಳಿದೆ.

ಎದ್ದು ನಿಂತ ಮೇಲೆ ಅಜ್ಜಿ ಅಪ್ಪನಿಗೆ ಹೇಳಿದ್ದು ಇಷ್ಟು: “ಇವರವ್ವ ಮನಿಗೆ ಬರೋತನಕ ನಾನೂ ಗಡ್ಡಿ ತಿನ್ನಂಗಿಲ್ಲ.”

“ಬ್ಯಾಳಿ ಇಲ್ಲ, ಕಾಯಿ ಇಲ್ಲ, ಈಗ ಗಡ್ಡಿನೂ ಇಲ್ಲ. ಗಾಳಿ ತಿಂತೀಯೇನು?”

“ಹಾಲು-ಅನ್ನ ಇಲ್ಲೇನು? ಉಳಿದ ಅರ್ಧಾ ಹೊಟ್ಟಿ ನಿನ್ನಂಥಾ ಶಾಣ್ಯಾನ ಮಾತಿಗೇ ತುಂಬತದ.”

ಮರುದಿನ ಸಂಜೆ ಅಪ್ಪ ಪೇಟೆಗೆ ಹೋಗಿ ಬಂದು ಒಂದು ಪೊಟ್ಟಣವನ್ನು ಒಲೆಯ ಪಕ್ಕ ಇಟ್ಟು ಹೊರಟುಹೋದ. ಒಣಶುಂಠಿ. ಅಂದಿನಿಂದ ಆರು ದಿನ, ಐದೂವರೆಗೆ, ಅಜ್ಜಿ ಮತ್ತು ಹೇತಲ್ ಅಕ್ಕಪಕ್ಕ ಕೂತು ಉಂಡರು. ಅಜ್ಜಿಯ ತಟ್ಟೆಯಲ್ಲಿ ಹಾಲು-ಅನ್ನ, ಬೆಲ್ಲ, ಅರ್ಧ ಬಾಳೆಹಣ್ಣು. ಉಳಿದರ್ಧ ಹೇತಲ್‌ಗೆ. ನನಗೂ ಆ ಪಂಕ್ತಿಯಲ್ಲಿ ಕೂರಬೇಕೆಂದು ಹೊಟ್ಟೆಕಿಚ್ಚಾಗಿ ಒಂದು ದಿನ ಕೂತೆ. ಏಳು ಗಂಟೆಗೆ ಕದ್ದು ಲಾಡು ತಿಂದೆ. ಅದೂ ಬರೆದಿದೆ.

ಹೇತಲ್‌ಳ ತಾಯಿ ಗಂಡುಮಗುವನ್ನು ಎತ್ತಿಕೊಂಡು ಮನೆಗೆ ಬಂದ ಸಂಜೆ ಹೇತಲ್ ಅವರನ್ನು ಮೊದಲು ಕರೆತಂದದ್ದು ನಮ್ಮ ಅಡುಗೆಮನೆಗೆ. ಅಜ್ಜಿಯ ಮುಖ ಆರು ದಿನದಲ್ಲಿ ಸ್ವಲ್ಪ ಇಳಿದಿತ್ತು. ಮಗುವನ್ನು ನೋಡಿ ಅವಳು ಕೇಳಿದ ಮೊದಲ ಮಾತು, “ಇದಕ್ಕ ಏನೇನು ನಡೀತದ?”

ಅಪ್ಪನ ಪ್ರಶ್ನೆ ದಡ್ಡತನದ್ದಲ್ಲ. ಹುಳುವಿನ ಲೆಕ್ಕದಲ್ಲಿ, ಫ್ರಿಜ್ಜಿನ ಲೆಕ್ಕದಲ್ಲಿ ಅವನು ಹೇಳುವುದೇ ಸರಿ ಎಂದು ನನಗೂ ಅನಿಸುತ್ತದೆ. ಆದರೆ ಅಷ್ಟು ವರ್ಷ ತನ್ನ ನಾಲಿಗೆಯನ್ನು ಹಿಡಿದು ಗೊತ್ತಿದ್ದವಳಿಗೇ ಇನ್ನೊಬ್ಬರ ನಿಯಮದ ತೂಕ ಒಂದು ನಿಮಿಷದಲ್ಲಿ ತಿಳಿಯಿತು. ಪಕ್ಕದಲ್ಲಿ ನಿಂತ ನಮಗೆ, ಲ್ಯಾಬಿನವನಿಗೂ ಡೈರಿಯವಳಿಗೂ, ತಿಳಿಯಲಿಲ್ಲ.

ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಹೇತಲ್‌ಳ ಮನೆಯವರು ಬೋರಿವಲಿಗೆ ಹೋದರು. ಅಮ್ಮ ಚಾತುರ್ಮಾಸ್ಯವನ್ನು ಏಕಾದಶಿಗೆ ಇಳಿಸಿದ್ದಾಳೆ. ನಾನು ಚೆಂಬೂರಿನಲ್ಲಿ ಇಬ್ಬರು ಗೆಳತಿಯರ ಜೊತೆ ಇದ್ದೇನೆ. ಮೂವರೂ ಮೂರು ಹೊತ್ತಿಗೆ, ಫೋನಿನಲ್ಲಿ ಬೇಕಾದ್ದನ್ನು ಒತ್ತಿ ತರಿಸಿಕೊಂಡು ತಿನ್ನುತ್ತೇವೆ. ಯಾರಿಗೆ ಏನು ಸೇರುವುದಿಲ್ಲ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಕಳೆದ ವಾರ ಈ ವರ್ಷದ ಡೈರಿಯನ್ನು ಜನವರಿಯಿಂದ ತಿರುವಿದೆ. ತಿಂದದ್ದೆಲ್ಲ ಅದರಲ್ಲಿದೆ. ಇನ್ನೊಬ್ಬರಿಗೋಸ್ಕರ ನಾನು ಒಂದು ತುತ್ತು ಬಿಟ್ಟ ದಿನ ಒಂದೂ ಸಿಗಲಿಲ್ಲ.