ತಿಪ್ಪೆ ಪಕ್ಕದ ಮಣ್ಣು

"ನನ್ನ ತೋಟದಾಗೆ ಊರುಗೋಲು ನೆಟ್ಟು ಊಟಕ್ಕೋಗಿ ಬನ್ನಿ, ಬರೋ ಹೊತ್ಗೆ ಅದ್ರಲ್ಲಿ ಎಳನೀರು ತೂಗಾಡ್ತಿರ್ತವೆ!"

ಚೇಳೂರಿನ ಸದಾಶಿವಯ್ಯ ಬಸ್‌ಸ್ಟ್ಯಾಂಡಿನಲ್ಲಿ ಹೀಗಂದರೆ ಯಾರೂ ನಗುತ್ತಿರಲಿಲ್ಲ. ತುಮಕೂರಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದ. ಸಾವಯವ ಇಂಗಾಲ ಅಧಿಕ ಅಂತ ಬಂದಿತ್ತು. ಸೊಪ್ಪು, ಸಗಣಿ, ಗರಿ ಕೊಳೆತು ಮಣ್ಣಿನ ಹೊಟ್ಟೆಯಲ್ಲಿ ಉಳಿಯುವ ಸತ್ವಕ್ಕೆ ಓದಿದವರು ಇಟ್ಟ ಹೆಸರು ಅದು. ಅದಿದ್ದರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಮರ ಬೇಸಿಗೆ ತಾಳುತ್ತೆ.

ಸೋಜಿಗವೆಂದರೆ ಈ ಆಸಾಮಿ ಮಣ್ಣಿಗೆ ಏನನ್ನೂ ಕೊಟ್ಟವನಲ್ಲ. ಒಣಗರಿ ಮರದಿಂದ ಕಳಚಿ ನೆಲ ಮುಟ್ಟುವುದರೊಳಗೆ ಬೆಂಕಿಕಡ್ಡಿ ಗೀರುತ್ತಿದ್ದ. ಟ್ರಾಕ್ಟರಿನ ರೋಟವೇಟರ್ ಹೊಡೆಸಿ ಹೊಡೆಸಿ ತೋಟ ಎಷ್ಟು ನುಣ್ಣಗಾಗಿತ್ತೆಂದರೆ, ಇರುವೆಗಳು ಜಾರಿಬಿದ್ದು ಸೊಂಟ ಮುರಿದುಕೊಳ್ಳುತ್ತಿದ್ದವು.

ಬೇಲಿಯಾಚೆ ತೋಟ ಸಿದ್ದಗಂಗಮ್ಮನದು. ಗಂಡನ ಕಾಲದಿಂದಲೂ ಗರಿ, ಮಟ್ಟೆ, ಕಳೆ ಎಲ್ಲವನ್ನೂ ಮರದ ಪಾತಿಗೇ ಹಾಕಿ ಕೊಳೆಸುತ್ತಿದ್ದ ಹೆಂಗಸು. ಸುದ್ದಿ ಕೇಳಿ ಬಂದಳು.

"ಸದಾಶಿವಣ್ಣ, ನಿಮ್ ತೋಟ ಮಠದ ಅಂಗಳ ಇದ್ದಂಗೈತೆ. ನಂದು ಹಾವು ಚೇಳಿನ ಸಂತೆ. ನಾನೂ ಸುಟ್ಬುಡ್ಲಾ?"

"ಸುಡವ್ವ, ಯೋಚ್ನೆ ಯಾಕೆ? ನನ್ ಮಣ್ಣೇ ಸಾಕ್ಷಿ!"

ಸುಟ್ಟಳು. ಆ ಹೊಗೆಗೆ ದೇವರಾಯನದುರ್ಗದ ಕೋತಿಗಳು ಕೂಡ ಕೆಮ್ಮಿದವು. ಆಮೇಲೆ ಉಳುಮೆಯೂ ಅವನಂತೆಯೇ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆಳಿಗ್ಗೆ ಬಿಟ್ಟ ನೀರು ಮಧ್ಯಾಹ್ನಕ್ಕೆ ಆರತೊಡಗಿತು, ಎಳೆಗಾಯಿ ಉದುರಿದವು. ಆಕೆ ಬೈದುಕೊಂಡದ್ದು ತನ್ನನ್ನೇ. "ನಮ್ಮೆಜಮಾನ್ರು ನೆಟ್ಟ ಮರ ಕಣಣ್ಣ. ನನ್ ಕೈಗುಣಾನೇ ಸರಿ ಇಲ್ಲ."

ಆ ಮಾತು ಕೇಳಿ ಬಂದ ಸದಾಶಿವಯ್ಯ ಅರ್ಧ ಮುದ್ದೆಗೇ ಎದ್ದುಬಿಟ್ಟ. ಯಾಕೆಂದರೆ ನಿಜ ಗೊತ್ತಿದ್ದವನು ಅವನೊಬ್ಬನೇ. ತಿಪ್ಪೆ, ಬದು ಬಿಟ್ಟು ತೋಟದ ನಾಲ್ಕಾರು ಕಡೆ ಅಗೆದು, ಆ ಮಣ್ಣು ಬೆರೆಸಿ ತನ್ನಿ ಅಂತ ಪರೀಕ್ಷೆಯವರು ಅಂದಿದ್ದರು. ಇವನ ತೋಟದಲ್ಲಿ ಗುದ್ದಲಿ ಠಣ್ಣನೆ ಪುಟಿಯಿತು. ಹಳೇ ತಿಪ್ಪೆಯ ಪಕ್ಕ ಮಾತ್ರ ಮೆತ್ತಗಿತ್ತು. ಅಲ್ಲೇ ಬಗೆದು ಚೀಲ ತುಂಬಿಸಿದ್ದ. ಮೊದಲು ಸೋಮಾರಿತನ, ಆಮೇಲೆ ಹೊಗಳಿಕೆಯ ರುಚಿ.

ಆಕೆಯ ಬೇಲಿ ಮುಂದೆ ಹಾಯುವುದನ್ನು ತಪ್ಪಿಸಲು ಕುಣಿಗಲ್ ಸುತ್ತಿಕೊಂಡು ಮನೆ ಸೇರುವ ಗಿರಾಕಿಯಾದ. ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಮುಂದೆ ಕೈಮುಗಿದ. ಏನು ಕೇಳಬೇಕೋ ತೋಚದೆ ವಾಪಸ್ ಬಂದ. ಕೊನೆಗೆ ತನ್ನ ಗರಿಗಳನ್ನು ಸುಡದೆ, ಆಕೆಯ ಮಣ್ಣಿಗಾಗಲೆಂದು ಕದ್ದುಮುಚ್ಚಿ ಬೇಲಿಯಾಚೆ ಎಸೆಯತೊಡಗಿದ. ಒಂದು ಬೆಳಿಗ್ಗೆ ಸಿಕ್ಕಿಬಿದ್ದ.

"ಏನಣ್ಣ, ನಿಮ್ ಕಸಕ್ಕೆ ನನ್ ತೋಟಾನೇ ಬೇಕಿತ್ತಾ?"

ಬೇಲಿ ಹಿಡಿದು ನಿಂತು, ತಲೆ ಎತ್ತದೆ, ತಿಪ್ಪೆಯಿಂದ ಶುರುಮಾಡಿ ಎಲ್ಲ ಹೇಳಿದ. ಸಿದ್ದಗಂಗಮ್ಮ ಅವನೆಸೆದ ಗರಿಯೊಂದನ್ನು ಎತ್ತಿ ಅವನ ಕೈಗೇ ತುರುಕಿದಳು.

"ಥೂ, ನಿನ್ ಬಾಯಿಗಿಷ್ಟು ಮಣ್ಣಾಕ! ಎಸೆಯೋದೇನು? ಒಳಗ್ ಬಂದು ಪಾತಿಗೆ ಹಾಕು."

ಅಂದಿನಿಂದ ಅವನ ಗರಿ, ಅವನ ಕೊಟ್ಟಿಗೆಯ ಸಗಣಿ ಆಕೆಯ ಪಾತಿಗೇ. ಮೊನ್ನೆ ಅವನ ಗೆಳೆಯನಾದ ನಾನು ಆಕೆಯ ತೋಟದ ಮನೆಗೆ ಹೋದಾಗ ಸಿದ್ದಗಂಗಮ್ಮ ನಮ್ಮಿಬ್ಬರಿಗೂ ಕಾಫಿ ತಂದುಕೊಟ್ಟು, ನಗುತ್ತಲೇ ಒಳಗೆ ಹೋದಳು. ಸದಾಶಿವಯ್ಯ ಮಾತ್ರ ಆಕೆಯ ಪಾತಿಯ ಮಣ್ಣಿನ ಹೆಂಟೆಯೊಂದನ್ನು ಹಿಸುಕುತ್ತಾ ಕೂತಿದ್ದ. ಅದು ಪುಡಿಯಾಗಲಿಲ್ಲ.

"ಲೇ, ಆಯಮ್ಮನೇ ಮರೆತು ಕಾಫಿ ಕೊಟ್ಟವ್ಳೆ. ನಿಂದೇನ್ಲಾ ಇನ್ನೂ ಸಾವಿನ ಮನೆ ಮುಖ?" ಅಂದೆ.

"ಆಯಮ್ಮಂದು ದೊಡ್ ಮನ್ಸು, ಒಂದು ಬೆಳಿಗ್ಗೆಗೆ ಕ್ಷಮಿಸ್ತು. ಈ ಮಣ್ಣಿಗೆ ಎಷ್ಟು ವರ್ಷ ಬೇಕೋ, ನೀನೇ ಕೇಳಿ ಹೇಳ್ಲಾ."