ಬಿಡ್ತು ಅನ್ನಿಸುವವರು

ನಮ್ಮಲ್ಲಿ ಯಾರಾದರೂ ಅಶುಭದ ಮಾತಾಡಿದರೆ ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಾರೆ. ಆಡಿದವರು ‘ಬಿಡ್ತು’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಕುಂಕಳ್ಳಿಯಲ್ಲಿ ಚಿಗವ್ವನ ಗಂಡ ತೀರಿಕೊಂಡ ಮೇಲೆ ಈ ಪದ್ಧತಿಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಚಿಗವ್ವ ನನ್ನ ತಾಯಿಯ ತಂಗಿ. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಬೈಕಿನಲ್ಲಿ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರು. ಮಾತಾಡಿಸಲು ಬಂದ ಹೆಂಗಸರ ಮುಂದೆ ಆಕೆ ಮೆಲ್ಲಗೆ, “ನಾನೂ ಅವರ ಹಿಂದ ಹೊಕ್ಕೇನ್ರಿ,” ಅಂದಳು.

“ಅಯ್ಯ, ಬಿಡ್ತು ಅನ್ನವಾ!”

“ಬಿಡ್ತು.”

ಎಲ್ಲರೂ ಚಹಾ ಕುಡಿದರು. ಇನ್ನೊಮ್ಮೆ ಅಂದಳು, ಇನ್ನೊಮ್ಮೆ ಬಿಡ್ತು ಅನ್ನಿಸಿದರು. ಆಮೇಲೆ ಅನ್ನುವುದನ್ನೇ ನಿಲ್ಲಿಸಿದಳು. ಸುಧಾರಿಸಿದಳೆಂದು ಅವ್ವನಿಗೆ ಸಮಾಧಾನ.

ಮುಂದಿನ ಸಲ ನಾವು ಹೋದಾಗ ಚಿಗವ್ವ ತನ್ನ ಮಿಕ್ಸರ್ ಒರೆಸಿ, ಡಬ್ಬದಲ್ಲಿಟ್ಟು ಕಟ್ಟಿದ್ದಳು. ಒಳ್ಳೆಯ ಸೀರೆಗಳು ಆಗಲೇ ಪಕ್ಕದ ಮನೆ ಸೇರಿದ್ದವು.

“ಒಯ್ಯಿ ಅಕ್ಕಾ. ನನಗಿನ್ನ ಯಾತಕ್ಕ?”

“ಮಿಕ್ಸರ್ ನನ್ನ ಹಂತೇಕ ಐತಿ. ಕೊಡಾಕಿ ಇದ್ರ ಫ್ರಿಜ್ ಕೊಡು,” ಎಂದು ಅವ್ವ ನಕ್ಕಳು.

“ಅದನ್ನೂ ಒಯ್ಯಿ.” ಚಿಗವ್ವ ನಗಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಚಿಗವ್ವ, ನಿನಗ ಸಾಯಬೇಕು ಅನಸಾಕತ್ತೈತೇನು?”

“ಬಾಯಿ ತೊಳಕೋ!” ಅವ್ವ ಕೂಗಿದಳು. “ಇಲ್ಲದ್ದೆಲ್ಲಾ ಆಕಿ ತಲ್ಯಾಗ ತುಂಬತಿ. ಕಲಿತಾಕಿ ಅಂತ, ಕಲಿತಾಕಿ!”

“ಆಕಿ ತುಂಬಿಲ್ಲಕ್ಕಾ,” ಎಂದಳು ಚಿಗವ್ವ. “ದಿನಾ ಅನಸತೈತಿ. ಹೇಳಿದ್ರ ನೀವು ಕೇಳೂದಿಲ್ಲ.”

ಅವ್ವ ಬಾಯಿ ತೆರೆದಳು. ನಾನು ಅವಳ ಮೊಣಕೈ ಹಿಡಿದು ತಡೆದೆ. ಸಂಜೆಯವರೆಗೂ ಚಿಗವ್ವ ಮಾತಾಡಿದಳು. ಯಾರದೋ ಬೈಕಿನ ಸಪ್ಪಳಕ್ಕೆ ಎದ್ದು ಬಾಗಿಲಿಗೆ ಹೋಗುತ್ತಾಳಂತೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಒಲೆಯನ್ನೇ ಹಚ್ಚುವುದಿಲ್ಲವಂತೆ.

ಆಕೆಯನ್ನು ಒಬ್ಬಳೇ ಬಿಡದೆ ನಾವು ಅಲ್ಲೇ ಉಳಿದು, ಬೆಳಿಗ್ಗೆ ಮಡಗಾಂವಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲೂ ಅವ್ವ ಕನ್ನಡ ಬಾರದ ಡಾಕ್ಟರಿಗೆ ತನ್ನ ಹರಕು ಹಿಂದಿಯಲ್ಲಿ ಹೇಳಿದ್ದು ಬರೀ ನಿಶ್ಶಕ್ತಿ, ಊಟ ಸೇರುವುದಿಲ್ಲ ಎಂದು. ಇದ್ದದ್ದನ್ನು ನಾನೇ ಹೇಳಬೇಕಾಯಿತು. ಹೊರಗೆ ಬಂದ ಕೂಡಲೇ ಬೈಗುಳ: “ಊರಿಗೆಲ್ಲಾ ಡಂಗುರ ಹೊಡಿ, ಇನ್ನೇನು ಉಳೀತು?”

ಚಿಗವ್ವ ಈಗ ಸಾವರ್ಡೆಯಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಔಷಧಿ ನಡೆದಿದೆ. ಮೊನ್ನೆ ಬಂದ ಸಂಬಂಧಿಕಳೊಬ್ಬಳ ಮುಂದೆ, “ಇವತ್ತೂ ಬದುಕು ಬ್ಯಾಡ ಅನಸಾಕತ್ತೈತಿ,” ಅಂದಳು.

“ಬಿಡ್ತು ಅ—”

ಅವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. “ಆಕಿ ಹೇಳಲಿ. ನೀ ಸುಮ್ನ ಕೂಡು.”

ನನ್ನ ಜೊತೆ ಮಾತ್ರ ಅವ್ವ ಇನ್ನೂ ನೆಟ್ಟಗೆ ಮಾತಾಡುವುದಿಲ್ಲ.